ವರ್ತಕರ ಮುದ್ರೆ: ಸುರಪುರ ಸೀಮೆಯ ಹಳೆಯ ನಾಣ್ಯಗಳು

ಅರಸರ ಚರಿತ್ರೆಯು ಶಿಲಾಶಾಸನಗಳಲ್ಲಿ ದೊರೆಯುವುದು. ವರ್ತಕರ ಚರಿತ್ರೆಯಾದರೋ ಬಹುಮಟ್ಟಿಗೆ ಕೈಯಿಂದ ಕೈಗೆ ಸವೆದ ಲೋಹದ ತುಂಡುಗಳಲ್ಲಿ ಅಡಗಿರುವುದು. ಇಂಗ್ಲೆಂಡಿನಲ್ಲಿ ಚಿಲ್ಲರೆಯ ಅಭಾವದಿಂದ 1648ರಿಂದ 1672ರ ವರೆಗೆ ಅಂಗಡಿಕಾರರು ತಮ್ಮ ಹೆಸರು, ಊರುಗಳನ್ನೊತ್ತಿದ ಬಿಲ್ಲೆಗಳನ್ನು ಹೊರಡಿಸಿದರು. ಸರ್ಕಾರದ ತಾಮ್ರದ ನಾಣ್ಯವು ಬಂದೊಡನೆ ಅವು ನಿಂತುಹೋದುವು. ಆದರೆ ಸಂಗ್ರಾಹಕರ ದೆಸೆಯಿಂದ ಆ ಹೆಸರುಗಳು ಉಳಿದುವು. ಮುಂದಿನ ಶತಮಾನದಲ್ಲಿ ಮತ್ತೆ ಹುಟ್ಟಿದ ಇಂತಹ ಬಿಲ್ಲೆಗಳ ಪಟ್ಟಿಯನ್ನು ಜೇಮ್ಸ್ ಕಾಂಡರ್ ಎಂಬವನು 1798ರಲ್ಲಿ ಪ್ರಕಟಿಸಿದನು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ವರ್ತಕನ ಕುರುಹನ್ನು ಅರಸನ ನಾಣ್ಯದ ಮೈಮೇಲೆಯೇ ಅರಸಬೇಕಾಗುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ನಿಜಾಮರ ರಾಜ್ಯದಲ್ಲಿ ಟಂಕಸಾಲೆಯು ಒಂದೇ ಆಗಿರಲಿಲ್ಲ. ಸುರಪುರ, ಗದ್ವಾಲ, ನಾರಾಯಣಪೇಟೆ, ಕಲ್ಯಾಣ ಮುಂತಾದೆಡೆಗಳಲ್ಲಿ ಬೇರೆಬೇರೆ ನಾಣ್ಯಗಳು ಅಚ್ಚಾಗುತ್ತಿದ್ದುವು. ರೂಪಾಯಿಗೆ ರೂಪಾಯಿ ಸಮವಲ್ಲದ ಕಾಲದಲ್ಲಿ ಸಂತೆಯ ನಂಬಿಕೆಗೆ ಆಧಾರನಾದವನು ಸರಾಫನು. ಅವನು ನಾಣ್ಯವನ್ನು ತೂಗಿ, ಒರೆಗೆ ಹಚ್ಚಿ, ಒಳಗೆ ಹುಸಿ ಲೋಹವಿಲ್ಲವೆಂಬುದನ್ನು ಕಾಣಲು ಸಣ್ಣ ಉಳಿಯಿಂದ ಒಂದು ಠಸ್ಸೆಯನ್ನೊತ್ತುತ್ತಿದ್ದನು. ಕಡಿಮೆ ಬೆಲೆಯದಾದರೆ ವಟ್ಟವನ್ನು ಕಳೆಯುತ್ತಿದ್ದನು. 1857ರ ದಂಗೆಯವರೆಗೆ ಹೈದರಾಬಾದಿನ ನಾಣ್ಯಗಳ ಮೇಲೆ ದಿಲ್ಲಿಯ ಬಾದಶಹರ ಹೆಸರೇ ಇದ್ದಿತು. ದೂರದ ಬಾದಶಹನ ಹೆಸರು, ಸಮೀಪದ ಟಂಕಸಾಲೆಯ ಗುರುತು, ಪೇಟೆಯ ಸರಾಫನ ಠಸ್ಸೆ—ಈ ಮೂರೂ ಒಂದೇ ಬೆಳ್ಳಿಯ ತುಂಡಿನ ಮೇಲೆ ಕೂಡಿಬರುವುದುಂಟು.

ಈ ವ್ಯವಸ್ಥೆಯು ಹೆಚ್ಚು ಕಾಲ ಉಳಿಯಲಿಲ್ಲ. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಮಡಿದನು. 1860ರಲ್ಲಿ ಸುರಪುರವು ನಿಜಾಮರ ಕೈಸೇರಿತು. 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗನು ಚದುರಿದ ಟಂಕಸಾಲೆಗಳನ್ನು ನಿಲ್ಲಿಸಿ, ನಾಣ್ಯದ ಕೆಲಸವನ್ನು ರಾಜಧಾನಿಯಲ್ಲಿ ಒಗ್ಗೂಡಿಸಿದನು. ಹಾಲಿ ಸಿಕ್ಕಾ ರೂಢಿಗೆ ಬಂದಂತೆ ಹಳೆಯ ರೂಪಾಯಿಗಳು ಪತ್ತಾರನ ಮೂಸೆಗೆ ಬಿದ್ದು, ಕಡಗ ಉಡಿದಾರಗಳಾದುವು.

ಉಳಿದ ಕೆಲವಕ್ಕೆ ಈಗ ಅಪಾಯವಾಗಿರುವುದು ಸಂಗ್ರಾಹಕನ ಪ್ರೀತಿಯೇ. ಠಸ್ಸೆಯಿದ್ದ ನಾಣ್ಯವನ್ನು ಊನವಾದುದೆಂದು ಬದಿಗಿಟ್ಟು ಅಚ್ಚಳಿಯದುದನ್ನೇ ಆರಿಸುವರು. ಹುಣಸೆಹುಳಿ ಹಚ್ಚಿ ತಿಕ್ಕಿ ಹೊಳಪೇರಿಸುವರು. ಎಲ್ಲಿ ದೊರೆಯಿತೆಂಬುದನ್ನು ಬರೆದಿಡುವುದಿಲ್ಲ. ಠಸ್ಸೆಯು ಊನವಲ್ಲ, ಅದೊಂದು ಸಾಕ್ಷಿ. ನಾರಾಯಣಪೇಟೆಯ ರೂಪಾಯಿಯು ಶಹಾಪುರದ ಹಳೆಯ ಮನೆಯೊಂದರಲ್ಲಿ ದೊರೆತರೆ, ಭೀಮೆಯನ್ನು ದಾಟಿದ ವ್ಯಾಪಾರದ ದಾರಿಯೊಂದು ಕಾಣುವುದು. ಊರಿನ ಹೆಸರು ಮರೆತರೆ ಉಳಿಯುವುದು ತೊಲೆಯ ಬೆಲೆ ಮಾತ್ರ.

1841ರಿಂದ 1853ರ ವರೆಗೆ ಸುರಪುರದ ಆಡಳಿತವನ್ನು ನೋಡಿದ ಮೆಡೋಸ್ ಟೇಲರನು ರಾಜನಕೋಳೂರಿನ ಕಲ್ಗೋರಿಗಳನ್ನು ಅವು ಇದ್ದ ಸ್ಥಳದಲ್ಲಿಯೇ ಕಂಡು ವರ್ಣಿಸಿದುದರಿಂದ ಅವು ಪಂಡಿತರ ಗಮನಕ್ಕೆ ಬಂದುವು. ಕಲ್ಲಿಗೆ ಸಂದ ಆ ಎಚ್ಚರವು ಕಾಸಿಗೂ ಸಲ್ಲಬೇಕು. ನೆಲದಲ್ಲಿ ನಿಧಿಯು ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ಮನೆಯ ಪೆಟ್ಟಿಗೆಯಲ್ಲಿ ದೊರೆತುದನ್ನು ತೊಳೆಯದೆ, ತೂಕವನ್ನೂ ಊರನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಸಂಗ್ರಾಹಕನ ಧರ್ಮ. ಹೆಸರನ್ನು ಬರೆದಿಡದೆ ಹೋದ ಸರಾಫನಿಗೆ ಆ ಚೀಟಿಯೇ ಶಾಸನವಾಗುವುದು.