ಊರೇ ರಂಗವಾದ ರಾಮನಗರ

ದಸರಾ ಹತ್ತಿರ ಬಂದರೆ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತದೆ. ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದ ಮೇಲೆ ಮಕ್ಕಳು ಕೆಳಗೆ ಮಣ್ಣು ಹರಡಿ ಬೆಟ್ಟ ಮಾಡುತ್ತಾರೆ, ರಾಗಿ ಚೆಲ್ಲಿ ಪೈರು ಬೆಳೆಸುತ್ತಾರೆ, ತಟ್ಟೆಯಲ್ಲಿ ನೀರಿಟ್ಟು ಕೆರೆ ಎನ್ನುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುತ್ತಾರೆ. ಅವರಲ್ಲೂ ಅನೇಕರು ಮೊದಲ ದಿನದ ಆಟಕ್ಕೆ ಮುಂಚೆ ಮೇಜಿನ ಮೇಲೆ ಗುಡ್ಡ, ಕೋಟೆ, ಪುಟ್ಟ ಯೋಧರನ್ನು ಮಾಡಿ ಜೋಡಿಸುತ್ತಾರೆ. ಕಥೆ ಶುರುವಾಗುವುದಕ್ಕೆ ನಿಲ್ಲಲು ನೆಲ ಬೇಕು. ಕಾಶಿಯ ಎದುರು ದಡದ ರಾಮನಗರದಲ್ಲಿ ಸುಮಾರು ಇನ್ನೂರು ವರ್ಷಗಳಿಂದ ಆ ನೆಲವನ್ನು ಕುಗ್ಗಿಸದೆ, ಊರಿನಷ್ಟೇ ದೊಡ್ಡದಾಗಿ ಕಟ್ಟಿಕೊಂಡು ಬಂದಿದ್ದಾರೆ.

ರಾಮನಗರದ ರಾಮಲೀಲಾಕ್ಕೆ ಒಂದೇ ವೇದಿಕೆ ಇಲ್ಲ. ಕೋಟೆಯ ಬಳಿ ಅಯೋಧ್ಯೆ, ಇನ್ನೊಂದೆಡೆ ಜನಕಪುರ, ಮತ್ತೊಂದೆಡೆ ಚಿತ್ರಕೂಟ, ಪಂಚವಟಿ. ಎಲ್ಲಕ್ಕಿಂತ ದೂರದ ಬಯಲಿನಲ್ಲಿ ಲಂಕೆ, ಅಲ್ಲೇ ಅಶೋಕವನ. ರಾಮ ಕಾಡಿಗೆ ಹೊರಟರೆ ಜನರೂ ಅವನ ಹಿಂದೆ ನಡೆಯಬೇಕು. ಮೂವತ್ತೊಂದು ದಿನ ಹೀಗೆ ನಡೆದವರ ಕಾಲುಗಳಿಗೆ ರಾಮಾಯಣದ ದೂರಗಳು ತಿಳಿದಿರುತ್ತವೆ.

ಇದನ್ನು ಕಟ್ಟಿದ ಕಾಲ ಗಮನಿಸಬೇಕಾದದ್ದು. 1781ರಲ್ಲಿ ರಾಜಾ ಚೇತ್ ಸಿಂಗ್ ವಾರನ್ ಹೇಸ್ಟಿಂಗ್ಸನ ವಿರುದ್ಧ ತಿರುಗಿಬಿದ್ದು ರಾಜ್ಯ ಕಳೆದುಕೊಂಡ. 1794ರ ಒಪ್ಪಂದದೊಂದಿಗೆ ಸೀಮೆಯ ಬಹುಭಾಗದ ಆಡಳಿತ ಕಂಪನಿಯ ಕೈಸೇರಿತು. ಮರುವರ್ಷ ಪಟ್ಟಕ್ಕೆ ಬಂದ ಉದಿತ್ ನಾರಾಯಣ ಸಿಂಗ್‌ಗೆ ಉಳಿದಿದ್ದು ಹೆಸರು, ಕೋಟೆ, ಜಮೀನು. ಅವನ ಕಾಲದಲ್ಲಿ ರಾಮಲೀಲಾ ಬೆಳೆಯಿತು. ಮುಂದಿನ ದೊರೆ ಈಶ್ವರೀ ಪ್ರಸಾದ್ ನಾರಾಯಣ ಸಿಂಗ್ ವಿದ್ವಾಂಸರನ್ನು ಸೇರಿಸಿ ಅದಕ್ಕೆ ಇಂದಿನ ರೂಪ ಕೊಟ್ಟ. ಆಳಲು ಸೀಮೆಯಿಲ್ಲದ ಅರಸರು ಕಥೆಯ ಸೀಮೆಯೊಂದನ್ನು ಕಟ್ಟಿ, ಅದರೊಳಗೆ ತಮಗೊಂದು ಸ್ಥಾನ ಇಟ್ಟುಕೊಂಡರು ಎಂದೇ ಇದನ್ನು ಓದಬಹುದು.

ಮೊದಲ ದಿನ ಅನಂತ ಚತುರ್ದಶಿ. ಕಥೆ ರಾಮನಿಂದ ಶುರುವಾಗುವುದಿಲ್ಲ, ರಾವಣನಿಂದ ಶುರುವಾಗುತ್ತದೆ. ಅವನು ಹುಟ್ಟುತ್ತಾನೆ, ತಪಸ್ಸು ಮಾಡುತ್ತಾನೆ, ವರ ಪಡೆದು ಲೋಕವನ್ನು ಕಾಡುತ್ತಾನೆ; ದೇವತೆಗಳು ಮೊರೆಯಿಡುತ್ತಾರೆ. ಆಗ ಊರಿನ ಕೊಳವೇ ಕ್ಷೀರಸಾಗರ. ಕತ್ತಲ ನೀರಿನ ಮೇಲೆ ಹೆಡೆ ಬಿಚ್ಚಿದ ಶೇಷ, ಅವನ ಮೇಲೆ ಒರಗಿದ ವಿಷ್ಣು. ಮತಾಪಿನ ಬೆಳಕು ಹತ್ತಿ ಆರುವಷ್ಟು ಹೊತ್ತು ಆ ದೃಶ್ಯ ಕಾಣುತ್ತದೆ. ವಿದ್ಯುದ್ದೀಪ, ಧ್ವನಿವರ್ಧಕ ಎರಡೂ ಇಲ್ಲ. ಸಾವಿರಾರು ಜನ ಸುಮ್ಮನಾಗದೆ ಮಾತು ಕೇಳುವುದಿಲ್ಲ, ಅದಕ್ಕೇ ಸುಮ್ಮನಾಗುತ್ತಾರೆ.

ಈ ಒಂದು ಸಂಜೆಗೆ ಮುಂಚೆ ತಿಂಗಳುಗಟ್ಟಲೆ ಕೆಲಸ ನಡೆದಿರುತ್ತದೆ. ಬಿದಿರು ಸೀಳಿ, ದಬ್ಬೆ ಬಗ್ಗಿಸಿ, ಹುರಿಯಿಂದ ಬಿಗಿದು ಹಂದರ ಮಾಡಬೇಕು. ಅದರ ಮೇಲೆ ಕಾಗದ ಅಂಟಿಸಿ ಬಣ್ಣ ಬಳಿಯಬೇಕು. ಹಾವು, ಹದ್ದು, ರಾಕ್ಷಸ, ಕೊನೆಗೆ ದಸರೆಯಂದು ಉರಿಯುವ ರಾವಣ ಎಲ್ಲವೂ ಹೀಗೇ ಹುಟ್ಟುತ್ತವೆ. ಬಹುಕಾಲದಿಂದ ಈ ಕೈಕೆಲಸ ರಾಮನಗರದ ಮುಸ್ಲಿಂ ಕುಶಲಕರ್ಮಿ ಕುಟುಂಬದ್ದು. ಕಥೆಯ ಜಗತ್ತಿನ ಆಕಾರ ಅವರ ಕೈಬೆರಳಲ್ಲಿದೆ. ಮಾಡಿದ್ದರಲ್ಲಿ ಎಷ್ಟೋ ಬೆಂಕಿಗೆ ಹೋಗುವುದರಿಂದ ಪ್ರತಿವರ್ಷ ಹೊಸದಾಗಿ ಮಾಡಲೇಬೇಕು; ಹಾಗಾಗಿ ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಉಳಿಸಿಟ್ಟ ಗೊಂಬೆ ಯಾರಿಗೂ ಕೆಲಸ ಕಲಿಸುವುದಿಲ್ಲ.

ನಾಲ್ವರು ಸೋದರರು ಮತ್ತು ಸೀತೆ ಇನ್ನೂ ಧ್ವನಿ ಒಡೆಯದ ಬ್ರಾಹ್ಮಣ ಹುಡುಗರು. ಕಿರೀಟ ತೊಟ್ಟ ಮೇಲೆ ಅವರು ‘ಸ್ವರೂಪ’ಗಳು, ಹಿರಿಯರೂ ಅವರ ಕಾಲಿಗೆ ಎರಗುತ್ತಾರೆ. ಆನೆಯ ಮೇಲೆ ಬರುವ ಕಾಶಿಯ ಮಹಾರಾಜರನ್ನು ಜನ ‘ಹರ ಹರ ಮಹಾದೇವ’ ಎಂದು ಕೂಗಿ ಎದುರುಗೊಳ್ಳುತ್ತಾರೆ. ಅವರದೂ ಒಂದು ಪಾತ್ರವೇ. ಬನಾರಸ್ 1911ರಲ್ಲಿ ಮತ್ತೆ ಸಂಸ್ಥಾನವಾಯಿತು, 1949ರಲ್ಲಿ ಇಂದಿನ ಉತ್ತರ ಪ್ರದೇಶದಲ್ಲಿ ಸೇರಿಹೋಯಿತು. 1971ರಲ್ಲಿ ಸಂವಿಧಾನದ ತಿದ್ದುಪಡಿ ರಾಜಧನವನ್ನೂ ಬಿರುದಿನ ಮಾನ್ಯತೆಯನ್ನೂ ತೆಗೆದುಹಾಕಿತು. ಕಾನೂನಿನಲ್ಲಿ ಇಲ್ಲದ ದೊರೆತನ ವರ್ಷಕ್ಕೊಂದು ತಿಂಗಳು ರಾಮನಗರದ ಬೀದಿಯಲ್ಲಿ ಇರುತ್ತದೆ.

2008ರಲ್ಲಿ ಯುನೆಸ್ಕೋ ರಾಮಲೀಲಾ ಪರಂಪರೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಈ ಲೀಲೆಗೆ ತೀರ ಮೂರ್ತವಾದ ಒಂದು ವಸ್ತು ಬೇಕು, ಬಯಲು. ಊರು ಬೆಳೆದಂತೆ ಖಾಲಿ ನೆಲಕ್ಕೆ ಬೆಲೆ ಬರುತ್ತದೆ. ಹೊಳೆಯ ಈಚೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮಹಾದ್ವಾರದ ಎದುರಿನ ಗಿಜಿಗುಡುವ ಬಡಾವಣೆಗೆ ಲಂಕಾ ಎಂದೇ ಹೆಸರು. ಅಸಿಯ ರಾಮಲೀಲಾದ ಲಂಕೆ ಅಲ್ಲಿತ್ತೆಂಬ ನೆನಪು ಆ ಹೆಸರಿನಲ್ಲಿದೆ. ಅಲ್ಲೀಗ ಅಂಗಡಿ, ಆಟೋ, ಆಸ್ಪತ್ರೆ. ಬಿದಿರಿನ ರಾವಣನನ್ನು ಮುಂದಿನ ವರ್ಷ ಮತ್ತೆ ಕಟ್ಟಬಹುದು. ಅವನು ನಿಲ್ಲುವ ಬಯಲು ಒಮ್ಮೆ ಹೋದರೆ ಅದನ್ನು ಕಟ್ಟಿಕೊಡುವ ಕುಶಲಕರ್ಮಿ ಯಾರೂ ಇಲ್ಲ.