ಪುನರುತ್ಥಾನ ಮತ್ತು ದಿನದ ದುಡಿಮೆ: ಮಸ್ಕಿ–ಮುದಗಲ್ ಸೀಮೆಯಿಂದ ಒಂದು ಟಿಪ್ಪಣಿ

ಕ್ರೈಸ್ತ ವಿಶ್ವಾಸದ ನಡುಗಂಬ ಯೇಸುವಿನ ಪುನರುತ್ಥಾನ. ಈ ಮಾತಿಗೆ ಪಂಡಿತರೂ ಸಾಮಾನ್ಯ ವಿಶ್ವಾಸಿಗಳೂ ಒಪ್ಪುತ್ತಾರೆ. ಆದರೆ ಅದನ್ನು ಕುರಿತ ಬರವಣಿಗೆ ಹೆಚ್ಚಾಗಿ ಎರಡು ಕಡೆಗೆ ವಾಲುತ್ತದೆ. ಕೆಲವರು ಬರಿದಾದ ಸಮಾಧಿಗೆ ಸಾಕ್ಷ್ಯ ಏನಿದೆ ಎಂದು ವಾದಿಸುತ್ತಾರೆ; ಕೆಲವರು ಸತ್ತ ಮೇಲೆ ಆತ್ಮಕ್ಕೆ ಸಿಗುವ ನೆಮ್ಮದಿಯನ್ನು ಹೇಳುತ್ತಾರೆ. ಬದುಕಿರುವವರ ಕೂಲಿ, ಊಟ, ಕಾಯಿಲೆಗಳಿಗೂ ಆ ನಂಬಿಕೆಗೂ ಏನು ಸಂಬಂಧ ಎಂಬ ಪ್ರಶ್ನೆ ಇವೆರಡರ ನಡುವೆ ಉಳಿದುಬಿಡುತ್ತದೆ. ಈ ಟಿಪ್ಪಣಿ ಆ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಆಧಾರಪಠ್ಯ ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ. ಓದಿಗೆ ಆರಿಸಿಕೊಂಡ ನೆಲ ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸೀಮೆ.

1. ನೆಲದ ಸಾಕ್ಷ್ಯ

ಈ ಸೀಮೆ ಸಾವಿನ ಬಗ್ಗೆ ಬಹಳ ಹಿಂದಿನಿಂದಲೂ ಯೋಚಿಸಿದೆ. 1954ರಲ್ಲಿ ಪುರಾತತ್ತ್ವ ಇಲಾಖೆಯ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ ನೂತನ ಶಿಲಾಯುಗದ ನೆಲೆಯ ಮೇಲೆ ಬೃಹತ್ ಶಿಲಾಯುಗದ ಪದರ ಕಂಡಿತು. ಆ ಕಾಲದ ಜನ ತಮ್ಮವರನ್ನು ಮಡಕೆ, ಕಬ್ಬಿಣದ ಸಲಕರಣೆಗಳ ಜೊತೆ ಹೂಳುತ್ತಿದ್ದರು. ಆ ವಸ್ತುಗಳನ್ನು ನೋಡಿ ಅವರ ನಂಬಿಕೆಯ ವಿವರಗಳನ್ನು ಕಟ್ಟಿಕೊಡುವುದು ಸರಿಯಲ್ಲ. ಸತ್ತ ದೇಹವನ್ನು ಅವರು ಕಸದಂತೆ ಬಿಸಾಡಲಿಲ್ಲ, ಆದರದಿಂದ ಕಳಿಸಿಕೊಟ್ಟರು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಇದೇ ಊರಿನ ಬಂಡೆಯ ಮೇಲೆ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಗುರುತಿಸಿದ ಶಾಸನ ‘ಅಸೋಕ’ ಎಂಬ ಹೆಸರನ್ನೇ ಹೇಳಿ, ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬ ಚರ್ಚೆಗೆ ತೆರೆ ಎಳೆಯಿತು. ಆ ಶಾಸನದಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದ ಒಂದು ಅಂಶವೂ ಇದೆ. ಧರ್ಮದಲ್ಲಿ ನಿರತನಾದರೆ ಸಣ್ಣವನೂ ಉನ್ನತ ಗುರಿಯನ್ನು ಮುಟ್ಟಬಲ್ಲ, ಇದು ದೊಡ್ಡವರಿಗೆ ಮಾತ್ರ ಸಲ್ಲುವುದೆಂದು ಯಾರೂ ತಿಳಿಯಬಾರದು ಎನ್ನುವುದು ಅದರ ಆಶಯ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈ ಬಂಡೆ ಹೇಳಿದ್ದನ್ನು ನೆನಪಿಟ್ಟುಕೊಂಡರೆ ಪೌಲನ ಮಾತಿನ ಒಂದು ಮುಖ ಬೇಗ ತಿಳಿಯುತ್ತದೆ.

ಈ ಸೀಮೆಯ ಕ್ರೈಸ್ತ ಇತಿಹಾಸಕ್ಕೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮುಖ್ಯ ನೆಲೆ. ಅಲ್ಲಿನ ರೋಮನ್ ಕ್ಯಾಥೊಲಿಕ್ ದೇವಾಲಯವನ್ನು ಜೆಸ್ವಿಟ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿಸಿದರೆಂದು ಗೆಜೆಟಿಯರ್ ಪರಂಪರೆ ಹೇಳುತ್ತದೆ. ಜೆಸ್ವಿಟ್ ಪಾದ್ರಿ ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದದ್ದು 1542ರಲ್ಲಿ. ವಿಜಯನಗರದ ಸೇನೆ ಸೋತ ರಕ್ಕಸಗಿ–ತಂಗಡಗಿ ಯುದ್ಧ ನಡೆದದ್ದು 1565ರಲ್ಲಿ. ವಿಜಯನಗರ ಮತ್ತು ಬಿಜಾಪುರದ ಸೈನ್ಯಗಳು ಸರದಿಯ ಮೇಲೆ ಹಿಡಿದು ಬಿಟ್ಟ ಮುದಗಲ್ ಕೋಟೆಯ ಮಗ್ಗುಲಲ್ಲಿ, ಸಾವು ದಿನದ ಸುದ್ದಿಯಾಗಿದ್ದ ಕಾಲದಲ್ಲಿ, ಪುನರುತ್ಥಾನದ ಮಾತು ಈ ನೆಲಕ್ಕೆ ಬಂತೆಂದು ಆ ನಿರೂಪಣೆಯಿಂದ ತಿಳಿಯುತ್ತದೆ.

2. ಪಠ್ಯ ಏನು ಹೇಳುತ್ತದೆ

ಪೌಲನು ಈ ಪತ್ರವನ್ನು ಎಫೆಸದಿಂದ ಸುಮಾರು ಕ್ರಿ.ಶ. 53–55ರಲ್ಲಿ ಬರೆದ. ಸುವಾರ್ತೆಗಳು ಈಗಿನ ರೂಪ ಪಡೆಯುವ ಮುಂಚಿನ ಬರಹ ಇದು. ಹದಿನೈದನೆಯ ಅಧ್ಯಾಯದ ಆರಂಭದಲ್ಲಿ ಅವನು ತಾನೇ ಬೇರೆಯವರಿಂದ ಪಡೆದ ಒಂದು ಹೇಳಿಕೆಯನ್ನು ಒಪ್ಪಿಸುತ್ತಾನೆ: ಕ್ರಿಸ್ತನು ಸತ್ತ, ಅವನನ್ನು ಹೂಳಲಾಯಿತು, ಮೂರನೆಯ ದಿನ ಎಬ್ಬಿಸಲಾಯಿತು, ಕೇಫನಿಗೂ (ಅಂದರೆ ಪೇತ್ರನಿಗೂ) ಹನ್ನೆರಡು ಮಂದಿ ಶಿಷ್ಯರಿಗೂ ಇತರರಿಗೂ ಕಾಣಿಸಿಕೊಂಡ. ಈ ಸಾಕ್ಷಿಗಳ ಪಟ್ಟಿಯಲ್ಲಿ ಹೆಂಗಸರ ಹೆಸರಿಲ್ಲ. ನಾಲ್ಕು ಸುವಾರ್ತೆಗಳಲ್ಲಾದರೋ ಸಮಾಧಿಯ ಬಳಿಗೆ ಮೊದಲು ಹೋದವರು ಹೆಂಗಸರೇ. ಹೆಂಗಸರ ಸಾಕ್ಷ್ಯಕ್ಕೆ ಬೆಲೆಯಿಲ್ಲವೆಂದು ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದ ಕಾಲದಲ್ಲಿ, ಮಗ್ದಲದ ಮರಿಯಳಂಥವರನ್ನು ಮೊದಲ ಸಾಕ್ಷಿಗಳಾಗಿ ಉಳಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಕೊರಿಂಥದ ಕೆಲವರು ಸತ್ತವರ ಪುನರುತ್ಥಾನವೇ ಇಲ್ಲ ಎಂದಿದ್ದರು. ಅವರಿಗೆ ಪೌಲ ಕೊಟ್ಟ ಉತ್ತರ ನಿಷ್ಠುರವಾದದ್ದು. ಕ್ರಿಸ್ತ ಏಳದಿದ್ದರೆ ಸಾರಿದ್ದೂ ನಂಬಿದ್ದೂ ಬರಿದು. ಮಿಕ್ಕದ್ದು ಇಂದು ಉಂಡು ನಾಳೆ ಸಾಯುವ ಬಾಳು. ತನ್ನ ಧರ್ಮವನ್ನು ಇಡಿಯಾಗಿ ಒಂದೇ ಘಟನೆಯ ಮೇಲೆ ಹೀಗೆ ಪಣಕ್ಕಿಟ್ಟ ಬರಹಗಾರರು ಧರ್ಮಗಳ ಚರಿತ್ರೆಯಲ್ಲಿ ವಿರಳ.

ಅಧ್ಯಾಯದ ಕೊನೆಗೆ ವಿಶೇಷ ಗಮನ ಬೇಕು. ಮರಣದ ಸೋಲನ್ನು ಸಾರಿದ ಮೇಲೆ ಅವನು ಪರಲೋಕದ ವರ್ಣನೆಗೆ ಹೋಗುವುದಿಲ್ಲ. ನಿಮ್ಮ ದುಡಿಮೆ ವ್ಯರ್ಥವಾಗದು, ಆದ್ದರಿಂದ ಕದಲದೆ ದುಡಿಯಿರಿ ಎನ್ನುತ್ತಾನೆ. ಅದರ ಮುಂದಿನ ವಾಕ್ಯ ಚಂದಾ ಎತ್ತುವುದರ ಬಗ್ಗೆ: ಪ್ರತಿ ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಯೆರೂಸಲೇಮಿನ ಬಡವರಿಗಾಗಿ ಒಂದಿಷ್ಟು ತೆಗೆದಿಡಬೇಕು. ಇಂದಿನ ಬೈಬಲಿನಲ್ಲಿ ಈ ಎರಡು ಮಾತುಗಳ ನಡುವೆ ಹೊಸ ಅಧ್ಯಾಯದ ಅಂಕಿ ಇದೆ. ಆ ಅಂಕಿಗಳು ಹದಿಮೂರನೆಯ ಶತಮಾನದಲ್ಲಿ ಧರ್ಮಪಂಡಿತ ಸ್ಟೀಫನ್ ಲ್ಯಾಂಗ್ಟನ್ ಮಾಡಿದ ವಿಂಗಡಣೆಯಿಂದ ಬಂದವು. ಪೌಲನ ಕೈಬರಹದಲ್ಲಿ ಇದ್ದವಲ್ಲ. ಅಂಕಿಯನ್ನು ತೆಗೆದು ಓದಿದರೆ ಪುನರುತ್ಥಾನದ ಅತಿ ದೀರ್ಘ ವಿಚಾರ ನೇರವಾಗಿ ಬಡವರ ಪಾಲಿಗೆ ಹೋಗಿ ನಿಲ್ಲುತ್ತದೆ.

ಪತ್ರದ ಹಿಂದಿನ ಭಾಗಗಳೂ ಈ ಓದಿಗೆ ಆಸರೆ. ಆರನೆಯ ಅಧ್ಯಾಯದಲ್ಲಿ, ಎದ್ದು ಬರುವ ದೇಹ ಇದಾದ್ದರಿಂದ ಇದನ್ನು ಹೇಗೆ ಬೇಕಾದರೂ ಬಳಸಲಾಗದು ಎನ್ನುತ್ತಾನೆ. ಹನ್ನೊಂದನೆಯದರಲ್ಲಿ, ಪ್ರಭುವಿನ ಊಟದಲ್ಲಿ ಉಳ್ಳವರು ಮೊದಲೇ ಉಂಡು ಇಲ್ಲದವರನ್ನು ಹಸಿದಿರಿಸಿದ್ದಕ್ಕೆ ಸಿಟ್ಟಾಗುತ್ತಾನೆ. ದೇಹ, ಊಟ, ದುಡಿಮೆ, ಹಣ: ಪತ್ರದಲ್ಲಿ ಇವೆಲ್ಲ ಒಂದೇ ಎಳೆಯಲ್ಲಿವೆ.

3. ಒಂದೇ ಮಣ್ಣು, ಬೇರೆ ಬೇರೆ ನಿರೀಕ್ಷೆ

ಆತ್ಮ ಸಾಯದು ಎಂಬ ಮಾತು ಬೇರೆ, ಸತ್ತವರು ಏಳುತ್ತಾರೆ ಎಂಬ ಮಾತು ಬೇರೆ. 1955ರಲ್ಲಿ ದೇವಶಾಸ್ತ್ರಜ್ಞ ಆಸ್ಕರ್ ಕುಲ್ಮನ್ ಹಾರ್ವರ್ಡಿನ ಉಪನ್ಯಾಸದಲ್ಲಿ, ಶಾಂತವಾಗಿ ವಿಷ ಕುಡಿದ ಸಾಕ್ರಟಿಸ್ ಮತ್ತು ಸಾವಿನ ಮುಂದೆ ತಳಮಳಿಸಿದ ಯೇಸುವನ್ನು ಎದುರುಬದುರು ನಿಲ್ಲಿಸಿ ಈ ಅಂತರವನ್ನು ವಿವರಿಸಿದರು. ದೇಹವನ್ನು ಸೆರೆಮನೆ ಎಂದುಕೊಂಡವರಿಗೆ ಸಾವು ಬಿಡುಗಡೆ. ದೇಹವನ್ನು ದೇವರ ಸೃಷ್ಟಿ ಎಂದು ತಿಳಿದವರಿಗೆ ಸಾವು ಶತ್ರು.

ಮಸ್ಕಿ ಸೀಮೆಯಲ್ಲಿ ದೇಹವನ್ನು ಹೂಳುವವರು ಕ್ರೈಸ್ತರಷ್ಟೇ ಅಲ್ಲ. ಲಿಂಗಾಯತರಲ್ಲಿ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಕ್ರಮವಿದೆ; ಸತ್ತವರನ್ನು ಲಿಂಗೈಕ್ಯರಾದರೆಂದು ಗೌರವಿಸುತ್ತಾರೆ. ಮುಸಲ್ಮಾನರು ಕಿಯಾಮತ್ತಿನ ದಿನ ಸತ್ತವರೆಲ್ಲ ಎದ್ದು ನಿಲ್ಲುವರೆಂದು ನಂಬುತ್ತಾರೆ. ಹೂಳುವುದಾಗಲಿ, ಕೊನೆಯ ದಿನ ಏಳುವ ನಂಬಿಕೆಯಾಗಲಿ ಕ್ರೈಸ್ತರಿಗೆ ಮಾತ್ರ ಮೀಸಲಲ್ಲ. ಯೇಸುವಿಗೂ ಮುಂಚೆ ದಾನಿಯೇಲನ ಗ್ರಂಥದಲ್ಲಿ, ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಆ ನಂಬಿಕೆ ಕಾಣುತ್ತದೆ. ಯೆಹೂದಿ ಪಂಗಡಗಳಲ್ಲಿ ಫರಿಸಾಯರು ಅದನ್ನು ಒಪ್ಪಿದ್ದರು, ಸದ್ದುಕಾಯರು ತಳ್ಳಿಹಾಕಿದ್ದರು. ಕ್ರೈಸ್ತರ ವಿಶಿಷ್ಟ ಹೇಳಿಕೆ ಇಷ್ಟು: ಎಲ್ಲರಿಗೂ ಕೊನೆಯಲ್ಲಿ ಆಗಬೇಕಾದದ್ದು ಒಬ್ಬನಿಗೆ ಚರಿತ್ರೆಯ ನಡುವೆಯೇ ಆಗಿದೆ. ಬೈಬಲ್ ವಿದ್ವಾಂಸ ಎನ್.ಟಿ. ರೈಟ್ 2003ರ ತಮ್ಮ ಬೃಹತ್ ಅಧ್ಯಯನದಲ್ಲಿ ಒತ್ತಿ ಹೇಳುವುದೂ ಇದನ್ನೇ. ಪೌಲನು ಇದಕ್ಕೆ ಬೆಳೆಯ ಮೊದಲ ಫಲದ, ಮಣ್ಣಲ್ಲಿ ಬಿದ್ದ ಕಾಳಿನ ರೂಪಕ ಕೊಡುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿ ನೀರು ಬರುವುದೋ ಇಲ್ಲವೋ ಎಂಬ ಆತಂಕದಲ್ಲೇ ಬಿತ್ತುವ ರೈತನಿಗೆ ಮೊದಲ ತೆನೆಯ ಬೆಲೆ ಗೊತ್ತು. ಉಳಿದ ಹೊಲದ ಬಗ್ಗೆ ಅದು ಕೊಡುವ ಭರವಸೆಯೂ ಗೊತ್ತು.

ಇಲ್ಲಿಯೇ ಮಸ್ಕಿಯ ಶಾಸನಕ್ಕೂ ಪೌಲನಿಗೂ ಇರುವ ಸಾಮ್ಯ ಮತ್ತು ಭೇದ ಎರಡೂ ಕಾಣುತ್ತವೆ. ಸಣ್ಣವರಿಗೂ ಪಾಲುಂಟು ಎಂಬಲ್ಲಿ ಇಬ್ಬರೂ ಒಂದು. ಶಾಸನದಲ್ಲಿ ಧರ್ಮದ ಆಚರಣೆ ಗುರಿಗೆ ಒಯ್ಯುತ್ತದೆ. ಪೌಲನಲ್ಲಿ ಗೆಲುವು ಮೊದಲು ದೊರೆತಿದೆ, ದುಡಿಮೆ ಆಮೇಲೆ ಅದರಿಂದ ಹುಟ್ಟುತ್ತದೆ.

4. ದಿನಬಳಕೆಯಲ್ಲಿ

ಕ್ರೈಸ್ತರು ಭಾನುವಾರ ಸೇರುವುದು ಪುನರುತ್ಥಾನದ ದಿನವೆಂದು. ಮೊದಲ ಮೂರು ಶತಮಾನ ಅದು ರಜೆಯ ದಿನವಾಗಿರಲಿಲ್ಲ. ಸುಮಾರು 112ರಲ್ಲಿ ಬಿಥೂನಿಯದ ರಾಜ್ಯಪಾಲ ಪ್ಲಿನಿ ರೋಮಿನ ಚಕ್ರವರ್ತಿಗೆ ಬರೆದ ವರದಿಯಂತೆ ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುನ್ನ ಕೂಡುತ್ತಿದ್ದರು. ಅವರಲ್ಲಿ ಸೇವಕಿಯರೆಂದು ಕರೆಯಲ್ಪಡುತ್ತಿದ್ದ ಇಬ್ಬರು ದಾಸಿಯರನ್ನು ಅವನು ಹಿಂಸಿಸಿ ವಿಚಾರಿಸಿದ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದ ಬಿಡುವನ್ನು ಕಾಯಿದೆ ಮಾಡಿದಾಗಲೂ ಹೊಲದ ಕೆಲಸಕ್ಕೆ ವಿನಾಯಿತಿ ಇಟ್ಟ. ನಾಟಿಯ ಕಾಲದಲ್ಲಿ ಭಾನುವಾರವೂ ಗದ್ದೆಗೆ ಇಳಿಯುವ ಸಿಂಧನೂರಿನ ಕೂಲಿಯಾಳು, ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುವ ಲಿಂಗಸುಗೂರಿನವಳು, ಈ ವಿಶ್ವಾಸದ ಅಂಚಿನಲ್ಲಿ ಇರುವವರಲ್ಲ. ಅದರ ಮೊದಲ ತಲೆಮಾರಿನವರ ಸ್ಥಿತಿಗೆ ಅವರೇ ಹತ್ತಿರದವರು.

ಎದ್ದು ಬಂದ ಯೇಸುವಿನ ದೇಹದಲ್ಲಿ ಗಾಯದ ಗುರುತುಗಳಿದ್ದವು ಎಂದು ಸುವಾರ್ತೆಗಳು ಹೇಳುತ್ತವೆ. ಅವನು ಮೀನು ತಿಂದ, ದಡದಲ್ಲಿ ಬೆಂಕಿ ಹೂಡಿ ಶಿಷ್ಯರಿಗೆ ಊಟ ಬಡಿಸಿದ. ಇಂಥ ನಂಬಿಕೆಯವರಿಗೆ ದಣಿದ ದೇಹ, ರೋಗದ ದೇಹ, ಜಾತಿಯ ಹೆಸರಲ್ಲಿ ಮುಟ್ಟದೆ ಬಿಟ್ಟ ದೇಹ ಕಡೆಗಣಿಸುವಂಥದಾಗಲಾರದು. ಮೂರನೆಯ ಶತಮಾನದ ಪಿಡುಗಿನಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತರು ರೋಗಿಗಳ ಶುಶ್ರೂಷೆ ಮಾಡಿ ಸತ್ತವರನ್ನು ಹೂಳಿದ್ದನ್ನು ಅಲ್ಲಿನ ಬಿಷಪ್ ಡಯೊನೀಸಿಯಸ್ ಬರೆದಿಟ್ಟಿದ್ದಾರೆ. ಕ್ರೈಸ್ತರನ್ನು ವಿರೋಧಿಸಿದ ಚಕ್ರವರ್ತಿ ಜೂಲಿಯನ್ ಕೂಡ ಅವರ ಬೆಳವಣಿಗೆಗೆ ಅತಿಥಿ ಸತ್ಕಾರವನ್ನೂ ಸತ್ತವರ ಆರೈಕೆಯನ್ನೂ ಕಾರಣವಾಗಿ ಹೇಳಿದ. ವಿರೋಧಿಯ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು.

5. ನಿರ್ಣಯ

ಪುನರುತ್ಥಾನ ಕ್ರೈಸ್ತರಿಗೆ ಏಕೆ ಮುಖ್ಯ ಎಂಬುದಕ್ಕೆ ಪೌಲನ ಪತ್ರದ ಉತ್ತರ ಎರಡು ಭಾಗದ್ದು: ಅದಿಲ್ಲದಿದ್ದರೆ ವಿಶ್ವಾಸ ಬರಿದು, ಅದು ಇದ್ದಮೇಲೆ ಯಾರ ಪ್ರಾಮಾಣಿಕ ದುಡಿಮೆಯೂ ಬರಿದಲ್ಲ. ಮೊದಲ ಭಾಗವನ್ನು ಈಸ್ಟರ್ ಪ್ರಸಂಗಗಳು ಸಾಕಷ್ಟು ಹೇಳುತ್ತವೆ. ಎರಡನೆಯದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು, ಆ ಭಾನುವಾರದ ಕಾಣಿಕೆ ಯಾರ ಮನೆ ಮುಟ್ಟುತ್ತದೆ ಎಂಬುದರಲ್ಲಿ ತೋರಿಸಬೇಕು.

ಕನ್ನಡದ ಕ್ರೈಸ್ತ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಶ್ರೀರಂಗಪಟ್ಟಣದ ಜೆಸ್ವಿಟರಿಂದ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಿಂದ ಓದುತ್ತೇವೆ. ಮುದಗಲ್ಲಿನಂಥ ನೆಲೆಗಳ ಹಿರಿಯರ ಪ್ರಾರ್ಥನೆಗಳು, ಸಮಾಧಿ ಕಲ್ಲುಗಳ ಬರಹಗಳು, ಪಾಸ್ಕ (ಈಸ್ಟರ್) ಹಬ್ಬದ ಆಚರಣೆಗಳು ದಾಖಲಾಗಬೇಕು. ರಾಯಚೂರು ಜಿಲ್ಲೆಯ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು, ಅಲ್ಲಿನ ಧರ್ಮಕೇಂದ್ರಗಳ ಜೊತೆ ಕೂಡಿ, ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.