ದಾಖಲೆ ತೆರೆದವರು ಯಾರು?

ನಮ್ಮ ಯಾವುದೇ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಾದು ಕುಳಿತವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ: ಓಪಿಡಿ ಚೀಟಿ, ರಕ್ತಪರೀಕ್ಷೆಯ ರಿಪೋರ್ಟು, ಮಡಚಲು ಬಾರದ ಎಕ್ಸ್‌ರೇ. ರೋಗಿಯ ಕಾಗದ ರೋಗಿಯ ಬಳಿಯೇ ಇರುವುದು ನಮಗೆ ಹಳೆಯ ರೂಢಿ. ಸಿಗದೇ ಇದ್ದದ್ದು ವಾರ್ಡಿನ ಕೇಸ್ ಶೀಟು. ಅದು ಆಸ್ಪತ್ರೆಯ ಸ್ವತ್ತು ಎಂಬ ಧೋರಣೆ ಎಷ್ಟು ಗಟ್ಟಿಯಾಗಿತ್ತೆಂದರೆ, ರೋಗಿಗೆ ಅದನ್ನು ಪಡೆಯುವ ಹಕ್ಕಿದೆ ಎಂದು 1996ರಲ್ಲಿ ಮುಂಬೈ ಹೈಕೋರ್ಟ್ ಹೇಳಬೇಕಾಯಿತು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ ನಿಯಮಾವಳಿ ವಿಧಿಸಿದ್ದು 2002ರಲ್ಲಿ.

ಅಮೆರಿಕದಲ್ಲಿ ಈ ವಾದ ಕಂಪ್ಯೂಟರ್ ಕಾಲಕ್ಕಿಂತ ಮೊದಲೇ ಎದ್ದಿತ್ತು. 1973ರಲ್ಲಿ ಬಡ್ ಶೆಂಕಿನ್ ಮತ್ತು ಡೇವಿಡ್ ವಾರ್ನರ್, ಕತ್ತರಿ ಹಾಕದ ಪೂರ್ತಿ ದಾಖಲೆಯ ಪ್ರತಿ ಪ್ರತಿಯೊಬ್ಬ ರೋಗಿಗೂ ಕೇಳದೆಯೇ ಸಿಗುವಂತೆ ಕಾನೂನು ಮಾಡಿ ಎಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದರು. ಅಲ್ಲಿನ ಫೆಡರಲ್ ನಿಯಮ ಪ್ರತಿ ಕೇಳುವ ಹಕ್ಕನ್ನು ಜಾರಿಗೆ ತಂದದ್ದು 2003ರಲ್ಲಿ, ಅಂದರೆ ಮೂವತ್ತು ವರ್ಷಗಳ ಬಳಿಕ. ಅಷ್ಟರಲ್ಲಿ ಅಂತರ್ಜಾಲ ಬಂದಿತ್ತು. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ 2000ದಲ್ಲೇ ರೋಗಿಗಳಿಗಾಗಿ ಜಾಲತಾಣ ತೆರೆದಿತ್ತು. ಆದರೆ ಇಂಥ ತಾಣಗಳಲ್ಲಿ ಆರಂಭದ ವರ್ಷಗಳಲ್ಲಿ ಕಾಣುತ್ತಿದ್ದದ್ದು ಬಹುಪಾಲು ಪರೀಕ್ಷಾ ಫಲಿತಾಂಶ, ಔಷಧಿ ಪಟ್ಟಿ, ಭೇಟಿಯ ಸಮಯ. ವೈದ್ಯರು ರೋಗಿಯ ಬಗ್ಗೆ ಬರೆದುಕೊಂಡ ಟಿಪ್ಪಣಿ ಮುಚ್ಚಿಯೇ ಇತ್ತು.

ಅದನ್ನೂ ತೆರೆಯುವ ಪ್ರಯೋಗ 2010ರಲ್ಲಿ ಟಾಮ್ ಡೆಲ್‌ಬ್ಯಾಂಕೊ ಮತ್ತು ಜ್ಯಾನ್ ವಾಕರ್ ಮುಂದಾಳತ್ವದಲ್ಲಿ ನಡೆಯಿತು. ಬಾಸ್ಟನ್, ಪೆನ್ಸಿಲ್ವೇನಿಯಾ, ಸಿಯಾಟಲ್‌ಗಳ 105 ವೈದ್ಯರು ಒಂದು ವರ್ಷ ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ಓದಲು ಬಿಟ್ಟರು. ರೋಗಿಗಳು ಗಾಬರಿಯಾಗುತ್ತಾರೆ, ಫೋನ್ ಮೇಲೆ ಫೋನ್ ಬರುತ್ತದೆ ಎಂಬ ಭಯವಿತ್ತು. ವರ್ಷ ಮುಗಿದಾಗ ಒಬ್ಬ ವೈದ್ಯರೂ ಹಿಂದೆ ಸರಿಯಲಿಲ್ಲ; ಇದು ಮುಂದುವರಿಯಲಿ ಎಂದ ರೋಗಿಗಳು ಶೇ 99. ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಇಷ್ಟು ಉತ್ಸಾಹದಿಂದ ಯಾರೂ ಹೇಳುವುದಿಲ್ಲ. ಖಾಸಗಿತನದ ಬಗ್ಗೆ ತಮಗೆ ಆತಂಕವಿದೆ ಎಂದವರು, ಊರಿಂದೂರಿಗೆ ವ್ಯತ್ಯಾಸವಾಗಿ, ಶೇ 26ರಿಂದ 36ರಷ್ಟಿದ್ದರು.

ಈ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವ ಅಧ್ಯಾಯ ಮಾತ್ರ ಮ್ಯಾಂಚೆಸ್ಟರ್ ಪಕ್ಕದ ಹೈಡ್ ಎಂಬ ಪುಟ್ಟ ಊರಿನದು. ಅಲ್ಲಿನ ಕುಟುಂಬ ವೈದ್ಯ ಹೆರಾಲ್ಡ್ ಶಿಪ್‌ಮನ್ ತನ್ನದೇ ರೋಗಿಗಳನ್ನು ಚುಚ್ಚುಮದ್ದು ಕೊಟ್ಟು ಕೊಲ್ಲುತ್ತಿದ್ದ. 15 ಕೊಲೆಗಳಿಗೆ 2000ದ ಜನವರಿಯಲ್ಲಿ ಶಿಕ್ಷೆಯಾಯಿತು. ಸತ್ತವರು 215 ಮಂದಿ ಎಂದು ಮುಂದಿನ ವಿಚಾರಣಾ ಆಯೋಗ ಗುರುತಿಸಿತು. ಕೊಂದ ಮೇಲೆ ಆತ ಕಂಪ್ಯೂಟರ್ ಮುಂದೆ ಕುಳಿತು, ರೋಗಿಗೆ ಮೊದಲೇ ಕಾಯಿಲೆಯಿತ್ತು ಎನ್ನುವಂತೆ ಹಳೆಯ ದಿನಾಂಕ ಹಾಕಿ ದಾಖಲೆ ತಿದ್ದುತ್ತಿದ್ದ. ಯಾವ ಸಾಲು ನಿಜವಾಗಿ ಯಾವ ಗಳಿಗೆಯಲ್ಲಿ ಸೇರಿತೆಂದು ಯಂತ್ರ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತಿತ್ತೆಂಬುದು ಅವನಿಗೆ ತಿಳಿದಿರಲಿಲ್ಲ. ನ್ಯಾಯಾಲಯದಲ್ಲಿ ಅವನ ಸುಳ್ಳನ್ನು ಬಯಲು ಮಾಡಿದ ಪುರಾವೆಗಳಲ್ಲಿ ಅದೂ ಒಂದು. ನಂಬಿಕೆ ಸುಟ್ಟುಹೋಗಿದ್ದ ಅದೇ ದವಾಖಾನೆಗೆ ಬಂದ ಡಾ. ಅಮೀರ್ ಹನ್ನಾನ್ ಮುಂದಿನ ವರ್ಷಗಳಲ್ಲಿ ತಮ್ಮ ರೋಗಿಗಳಿಗೆ ಪೂರ್ತಿ ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆರೆದಿಟ್ಟರು. ನಾನು ಬರೆದದ್ದನ್ನು ನೀವೂ ಓದಿ ಎನ್ನುವುದರ ಹೊರತು ಆ ಊರಿನಲ್ಲಿ ವೈದ್ಯನೊಬ್ಬ ಹೇಳಬಹುದಾದದ್ದು ಬೇರೇನಿತ್ತು?

ರೋಗಿಗೆ ದಾಖಲೆ ತೋರಿಸುವುದು ಅಪಾಯವೇ ಎಂಬ ಪ್ರಶ್ನೆಯಲ್ಲೇ ನಾವು ಬಹಳ ಕಾಲ ಕಳೆದೆವು. ಅದನ್ನು ಬೇರೆ ಯಾರು ಯಾವಾಗ ನೋಡಿದರು, ತಿದ್ದಿದರು ಎಂಬುದು ರೋಗಿಗೆ ಕಾಣುತ್ತದೆಯೇ ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಎಸ್ಟೋನಿಯಾ ಇದನ್ನು ಬೇಗ ಗ್ರಹಿಸಿತು. 2008ರಿಂದ ದೇಶವ್ಯಾಪಿಯಾಗಿರುವ ಅಲ್ಲಿನ ವ್ಯವಸ್ಥೆಯಲ್ಲಿ ನಾಗರಿಕರು ಗುರುತಿನ ಚೀಟಿಯ ಮೂಲಕ ಒಳಹೊಕ್ಕು, ತಮ್ಮ ದಾಖಲೆ ತೆರೆದವರ ಪಟ್ಟಿಯನ್ನೇ ನೋಡಬಹುದು. ಬೇಡವೆನಿಸಿದ್ದನ್ನು ಇತರರ ಕಣ್ಣಿಗೆ ಬೀಳದಂತೆ ಮುಚ್ಚಲೂಬಹುದು.

ದೊಡ್ಡ ಸೋರಿಕೆಗಳನ್ನು ನೋಡಿದರೂ ಕನ್ನ ಬಿದ್ದದ್ದು ರೋಗಿಯ ಬಾಗಿಲಿಗಲ್ಲ. ಫಿನ್ಲೆಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಕಂಪನಿಯ ಭದ್ರತೆಯಿಲ್ಲದ ಸರ್ವರ್‌ನಿಂದ ಸಾವಿರಾರು ಜನರ ಚಿಕಿತ್ಸಾ ಟಿಪ್ಪಣಿ ಕದ್ದವನು, 2020ರಲ್ಲಿ ಒಬ್ಬೊಬ್ಬ ರೋಗಿಗೂ ಮೇಲ್ ಕಳಿಸಿ ಹಣ ಕೇಳಿದ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್‌ನ ಸರ್ವರ್‌ಗಳು ಸೈಬರ್ ದಾಳಿಗೆ ಸಿಕ್ಕಾಗ ಸಿಬ್ಬಂದಿ ದಿನಗಟ್ಟಲೆ ಕೈಬರಹಕ್ಕೆ ಮರಳಿದರು.

ಹಾಗೆಂದು ತೆರೆದ ಬಾಗಿಲಿಗೆ ತನ್ನದೇ ತೊಂದರೆಗಳಿಲ್ಲವೆಂದಲ್ಲ. ಫಲಿತಾಂಶವನ್ನು ತಡೆಹಿಡಿಯಕೂಡದು ಎಂಬ ನಿಯಮ ಅಮೆರಿಕದಲ್ಲಿ 2021ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ, ಕ್ಯಾನ್ಸರ್ ಇದೆಯೆಂಬ ಬಯಾಪ್ಸಿ ವರದಿ ವೈದ್ಯರ ಕರೆಗಿಂತ ಮುಂಚೆ ಮೊಬೈಲಿಗೆ ಬಂದುಬಿಡಬಹುದು. ಇಂಗ್ಲೆಂಡಿನ ವೈದ್ಯರು ಎತ್ತಿದ ಅನುಮಾನ ಇನ್ನೂ ಸೂಕ್ಷ್ಮ: ಹೊಡೆಯುವ ಗಂಡ ಹೆಂಡತಿಯ ಫೋನು ಕಿತ್ತುಕೊಂಡು, ಅವಳು ಡಾಕ್ಟರ ಬಳಿ ಏನು ಹೇಳಿದಳೆಂದು ಓದಿದರೆ? ಅದಕ್ಕೇ ಅಲ್ಲಿ ಇಂಥ ಟಿಪ್ಪಣಿಯನ್ನು ಆನ್‌ಲೈನ್ ನೋಟದಿಂದ ಮರೆಮಾಡುವ ಸೌಲಭ್ಯ ವೈದ್ಯರಿಗಿದೆ.

ಭಾರತದಲ್ಲಿ 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ವಿನ್ಯಾಸ ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ಪ್ರತಿಯೊಬ್ಬರಿಗೂ 14 ಅಂಕಿಯ ಆಭಾ ಸಂಖ್ಯೆ. ದಾಖಲೆ ದಿಲ್ಲಿಯ ಒಂದೇ ಉಗ್ರಾಣದಲ್ಲಿ ಗುಡ್ಡೆ ಬೀಳದೆ ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಬೇರೊಬ್ಬ ವೈದ್ಯರು ನೋಡಬೇಕಾದರೆ ಯಾವ ಉದ್ದೇಶಕ್ಕೆ, ಯಾವ ಅವಧಿಯ ದಾಖಲೆ, ಎಷ್ಟು ದಿನದ ಮಟ್ಟಿಗೆ ಎಂದು ನಮೂದಿಸಿ ಒಪ್ಪಿಗೆ ಕೇಳಬೇಕು. ಕೊಟ್ಟ ಒಪ್ಪಿಗೆಯನ್ನು ರೋಗಿ ಹಿಂಪಡೆಯಲೂಬಹುದು.

ಆ ಒಪ್ಪಿಗೆ ನಡೆಯುವುದು ಮೊಬೈಲಿನಲ್ಲಿ, ಒಟಿಪಿ ಮೂಲಕ. ನಮ್ಮ ಹಳ್ಳಿಗಳಲ್ಲಿ ಮೊಬೈಲು ಮನೆಯದು, ಅಂದರೆ ಸಾಮಾನ್ಯವಾಗಿ ಮಗನದು. ಅಮ್ಮನ ಒಟಿಪಿ ಅವನಿಗೆ ಬರುತ್ತದೆ. ಅವನೂ ಊರಲ್ಲಿಲ್ಲದಿದ್ದರೆ ಕೌಂಟರಿನ ಹುಡುಗ ಫೋನ್ ಮಾಡಿ ಕೇಳಿ ಟೈಪಿಸುತ್ತಾನೆ. ಸೊಸೆಯ ಗರ್ಭಪಾತ, ಅಳಿಯನ ಎಚ್‌ಐವಿ ಪರೀಕ್ಷೆ, ಕಾಲೇಜಿಗೆ ಹೋಗುವ ಮಗಳ ಮನೋವೈದ್ಯರ ಚೀಟಿ, ಇವೆಲ್ಲ ಒಂದೇ ಪರದೆಗೆ ಬಂದು ಸೇರುವ ಮನೆಯಲ್ಲಿ ಒಪ್ಪಿಗೆ ಕೊಟ್ಟವರು ಯಾರೆಂದು ಯಾವ ಯಂತ್ರವೂ ಬರೆದಿಡಲಾರದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಪರವಾಗಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಸತ್ತ ಮೇಲೆ ಅಥವಾ ಪ್ರಜ್ಞೆ, ಬುದ್ಧಿ ಕೈಕೊಟ್ಟ ಮೇಲೆ ಹಕ್ಕು ಚಲಾಯಿಸಲು ನಾಮಿನಿಯನ್ನು ಹೆಸರಿಸಲು ಬಿಡುತ್ತದೆ. ಬುದ್ಧಿ ನೆಟ್ಟಗಿದ್ದು, ಇಂಗ್ಲಿಷ್ ರಿಪೋರ್ಟು ಓದಲು ಮಾತ್ರ ಬಾರದ ಅರವತ್ತು ದಾಟಿದ ತಾಯಿ ಈ ಎರಡು ಗುಂಪಿಗೂ ಸೇರುವುದಿಲ್ಲ.